ಶುಕ್ರವಾರದ ಒಡಪು

ಹುಣಸೆಬೀಜವನ್ನು ಹುರಿದು, ಮೇಲಿನ ಸಿಪ್ಪೆ ತೆಗೆದು, ನೆನೆಹಾಕಿ ಅರೆದು, ದೊಡ್ಡ ಗಡಿಗೆಯಲ್ಲಿ ಕುದಿಯಲು ಇಟ್ಟರೆ ಒಂದು ವಾಸನೆ ಏಳುತ್ತದೆ. ಅದು ಅಡುಗೆಯ ವಾಸನೆಯಲ್ಲ, ಆದರೂ ಹಸಿದವರ ಹಸಿವು ಕೆರಳುತ್ತದೆ. ಉಂಡವರಿಗೆ ಹೊಟ್ಟೆ ತೊಳಸುತ್ತದೆ. ಕಂಬಳಿ ನೇಯುವ ಮೊದಲು ಉಣ್ಣೆಯ ಎಳೆ ಗಟ್ಟಿಯಾಗಲೆಂದು ಬಳಿಯುವ ಸರಿ ಅದು. ಐಹೊಳೆಯ ಆಚೆಯ ಹಳ್ಳಿಯಲ್ಲಿ ರಂಗವ್ವ ಹುಟ್ಟಿದ ಮನೆ ಇಡೀ ವರ್ಷ ಆ ವಾಸನೆಯಲ್ಲೇ ಇರುತ್ತಿತ್ತು.

ಮದುವೆಯಾಗಿ ಹುನಗುಂದಕ್ಕೆ ಬಂದ ಮೇಲೆ ಅವಳು ಅದನ್ನು ಮರೆತೇಬಿಟ್ಟಿದ್ದಳು. ಎರಡನೆಯ ಸಲ ಕೊರೊನಾ ಬಂತಲ್ಲ, ಆ ಬೇಸಿಗೆಯಲ್ಲಿ ಅವಳಿಗೂ ಸಣ್ಣಗೆ ಜ್ವರ ಬಂದು ಹೋಯಿತು. ಹೋಗುವಾಗ ಮೂಗನ್ನು ಕೊಂಡೊಯ್ದಿತು. ಬಳ್ಳೊಳ್ಳಿ ಒಗ್ಗರಣೆ ಹಾಕಿದರೂ ಇಲ್ಲ, ಊದಿನಕಡ್ಡಿ ಹಚ್ಚಿದರೂ ಇಲ್ಲ. ಮೂಗಿಗೆ ಏನೂ ಹತ್ತದ ಆ ದಿನಗಳಲ್ಲಿ, ಕಣ್ಣು ಮುಚ್ಚಿದರೆ ಸಾಕು, ತವರಿನ ಅಂಗಳದ ಆ ಸರಿಯ ವಾಸನೆ ಮಾತ್ರ ಎಲ್ಲಿಂದಲೋ ಎದ್ದು ಬರುತ್ತಿತ್ತು. ಅದರ ಬೆನ್ನಿಗೇ ಅಂಗಳದ ಹೆಂಗಸರ ದನಿಗಳೂ ಬರುತ್ತಿದ್ದವು.

ಅಂಗಳದ ಉದ್ದಕ್ಕೂ ಎಳೆಗಳನ್ನು ಎಳೆದು ಕಟ್ಟಿ, ಎರಡೂ ಬದಿಗೆ ಹೆಂಗಸರು ನಿಂತು ಸರಿ ಬಳಿಯುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಓಣಿಗೆ ಹೊಸದಾಗಿ ಬಂದ ಸೊಸೆ ಯಾವಳಾದರೂ ಕಣ್ಣಿಗೆ ಬಿದ್ದರೆ ಮುಗಿಯಿತು. “ಗಂಡನ ಹೆಸರು ಹೇಳವಾ, ಹೇಳದಿದ್ರ ದಾರಿ ಬಿಡಾಂಗಿಲ್ಲ!” ಗಂಡನ ಹೆಸರನ್ನು ಬರಿದೇ ಹೇಳುವ ರೂಢಿ ಇಲ್ಲ. ಎರಡು ಸಾಲು ಕಟ್ಟಿ, ಪ್ರಾಸ ಕೂಡಿಸಿ, ಕಡಬಿನೊಳಗೆ ಹೂರಣ ತುಂಬಿದ ಹಾಗೆ ಆ ಸಾಲಿನೊಳಗೆ ಹೆಸರನ್ನು ತುಂಬಿ ಹೇಳಬೇಕು. ಅದೇ ಒಡಪು. ರಂಗವ್ವನ ಅಜ್ಜಿ ಒಡಪಿನಲ್ಲಿ ಗಟ್ಟಿಗಿತ್ತಿ. ಮೊಮ್ಮಗಳಿಗೆ ಕಲಿಸುವಾಗ ಒಂದೇ ಮಾತು ಬಿಗಿಯಾಗಿ ಹೇಳಿದ್ದಳು: “ಒಡಪಿನ್ಯಾಗ ನಗಿ ನಡೀತೈತಿ, ಚಾಷ್ಟಿ ನಡೀತೈತಿ. ಸುಳ್ಳು ಮಾತ್ರ ನಡಿಯೂದಿಲ್ಲ. ಗಂಡನ ಹೆಸರು ಸುಳ್ಳಿನ್ಯಾಗ ಅದ್ದಿದ್ರ ಅವನ ಆಯುಷ್ಯ ಸವೀತೈತಿ.”

ರಂಗವ್ವನ ಗಂಡ ಹನಮಂತಪ್ಪ ಬಸ್ಸಿನ ಡ್ರೈವರ್ ಆಗಿದ್ದವನು. ಹುನಗುಂದದಿಂದ ಅಮೀನಗಡ, ಕಮತಗಿ ಹಾದು ಬಾಗಲಕೋಟೆ. ಬಾಗಲಕೋಟೆಯಿಂದ ತಿರುಗಿ ಇಲಕಲ್ಲು. ನೌಕರಿಯ ಬಹುಪಾಲು ಈ ಒಂದೇ ದಾರಿಯಲ್ಲಿ, ಒಬ್ಬನೇ ಕಂಡಕ್ಟರನ ಜೋಡಿ ಕಳೆಯಿತು. ಇಲಕಲ್ಲಿನ ಕಲ್ಲಪ್ಪ ಆ ಕಂಡಕ್ಟರ. ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ನಡಿ. ದಿನವಿಡೀ ಅವರಿಬ್ಬರ ಮಾತೇ ಇಷ್ಟು. ಆದರೆ ಕಲ್ಲಪ್ಪ ಸಿಟ್ಟಿನಲ್ಲಿ ಊದಿದನೋ, ನಗುತ್ತ ಊದಿದನೋ ಎಂದು ಹನಮಂತಪ್ಪ ಬೆನ್ನಿನಿಂದಲೇ ಹೇಳುತ್ತಿದ್ದ. ಇಬ್ಬರೂ ನಿವೃತ್ತರಾದ ಮೇಲೂ ದಿನಕ್ಕೊಮ್ಮೆ ಫೋನು. “ಏನಲೇ ಡ್ರೈವರಾ, ಜೀವಂತ ಅದಿಯೇನು?” “ನಿನ್ನ ಕಳಸಿದ ಮ್ಯಾಲಽ ನಾ ಹೋಗೂದಲೇ!” ಎರಡು ಮನೆಯ ಹೆಂಗಸರಿಗೂ ಈ ಕೊಂಕು ಊಟದ ಉಪ್ಪಿನಕಾಯಿಯಂತೆ ರೂಢಿಯಾಗಿತ್ತು.

ಆ ಬೇಸಿಗೆಯಲ್ಲಿ ಹನಮಂತಪ್ಪನಿಗೆ ಉಸಿರು ಸಿಕ್ಕಿಕೊಂಡಿತು. ಮಗ ಸೋಮಲಿಂಗ ಅವನನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸಿ ಬಂದ. ಒಳಗೆ ಯಾರನ್ನೂ ಬಿಡುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ವಾರ್ಡಿಗೆ ಫೋನು ಮಾಡಿದರೆ ಹೇಗಿದ್ದಾರೆಂದು ಹೇಳುತ್ತಾರೆ. ಸೊಸೆ ದಾನಮ್ಮ ನಂಬರು ಒತ್ತಿದಳು. ರಂಗವ್ವ ಫೋನನ್ನು ಅವಳ ಕೈಯಿಂದ ಕಸಿದುಕೊಂಡಂತೆ ತೆಗೆದುಕೊಂಡಳು.

“ಪೇಶಂಟ್ ಹೆಸರೇನ್ರಿ?” ಆ ಕಡೆಯಿಂದ ನರ್ಸಿನ ದನಿ.

“ನಮ್ಮ ಮನಿಯವರು, ಯವ್ವಾ.”

“ಇಲ್ಲಿ ಮಲಗಿದವರೆಲ್ಲ ಯಾರದರೆ ಮನಿಯವರಽ ಅದಾರ ಅಜ್ಜಿ! ಹೆಸರು ಹೇಳ್ರಿ, ಬ್ಯಾರೆ ಫೋನ್ ಕಾಯಾಕತ್ತಾವು.”

ದಾನಮ್ಮ ಫೋನಿಗೆ ಕೈ ಚಾಚಿದಳು. “ಇಲ್ಲಿ ಕೊಡ್ರಿ ಅತ್ತಿ, ನಾ ಹೇಳ್ತೇನಿ.”

“ತಡಿ,” ಎಂದಳು ರಂಗವ್ವ. ಇಷ್ಟು ವರ್ಷ ಬಾಳುವೆ ಮಾಡಿದ ಗಂಡನ ಹೆಸರನ್ನು ಇಂಥ ಹೊತ್ತಿನಲ್ಲಿ ಬೇರೆಯವರ ಬಾಯಿಂದ ಹೇಳಿಸುವುದೇ? ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಬಂತು:

“ಬಾಗಲಕೋಟಿ ದವಾಖಾನ್ಯಾಗ ಬಿಳಿ ಹಾಸಿನ ಮಂಚ,
ಹನಮಂತಪ್ಪನವರ ದನಿ ಕೇಳಸವ್ವಾ ನನಗೊಂದು ಕೊಂಚ.”

ಫೋನು ಕಡಿದುಹೋಯಿತೇನೋ ಎಂದು ದಾನಮ್ಮ ಬಗ್ಗಿ ನೋಡಿದಳು. ಆಮೇಲೆ ನರ್ಸು ಸಣ್ಣಗೆ ನಕ್ಕಳು. ದಣಿದು ದಣಿದು, ನಗುವುದು ಹೇಗೆಂದು ಮರೆತವಳ ನಗು ಅದು. “ನಾ ಗುಳೇದಗುಡ್ಡದಾಕಿ ಅಜ್ಜಿ. ನಮ್ಮವ್ವ ಖಣ ನೇಯೂ ಮುಂದ ಹಿಂಗಽ ಹೇಳ್ತಾಳ. ನನ್ನ ಹೆಸರು ಮಹೇಶ್ವರಿ. ಅಜ್ಜಗ ಆಕ್ಸಿಜನ್ ಹಚ್ಚೇವಿ, ನಿದ್ದ್ಯಾಗ ಅದಾನ. ನಾಳೆ ಫೋನ್ ಮಾಡಿದಾಗ ಹೊಸಾದು ಹೇಳಬೇಕು ಮತ್ತ, ಹಳೇದು ನಡಿಯಾಂಗಿಲ್ಲ.”

ಹಾಗೆ ಶುರುವಾಯಿತು ನೋಡಿ. ದಿನಾ ದೀಪ ಹಚ್ಚುವ ಹೊತ್ತಿಗೆ ಒಂದು ಒಡಪು. ಬೆಳಗಿನಿಂದ ಸಂಜೆಯವರೆಗೆ ಕಣ್ಣಿಗೆ ಬಿದ್ದದ್ದು, ಮನಸ್ಸಿಗೆ ಚುಚ್ಚಿದ್ದು ಎಲ್ಲವೂ ಎರಡು ಸಾಲಿಗೆ ಬಂದು ಕೂಡುತ್ತಿತ್ತು. ಪೇಟೆಗೆ ಹೋಗಿ ಬಂದ ಮಗ, ಬಸ್‌ಸ್ಟ್ಯಾಂಡು ಬಣಗುಡುತ್ತಿದೆ ಎಂದ ದಿನ:

“ಬಸ್‌ಸ್ಟ್ಯಾಂಡಿನ ಫರಸಿ ಸಂದ್ಯಾಗ ಬೆಳದೈತಿ ಹುಲ್ಲ,
ಹನಮಂತಪ್ಪನವರು ಬರೂತನಕ ಹಾರ್ನಿನ ಸಪ್ಪಳಿಲ್ಲ.”

ಬಾಯಿಗೆ ಮಾಸ್ಕು ಕಟ್ಟಿಕೊಂಡು ಕೂತಾಗ ಬಂದದ್ದು:

“ಮೂಗಿಗೆ ಬಂತು ಅರಿವಿ ಮುಚ್ಚಳ, ಬಾಯಿಗೆ ಬಂತು ಬೀಗ,
ಹನಮಂತಪ್ಪನವರ ಕೂಡ ಜಗಳಾಡೂದು ಇನ್ನ ಯಾವಾಗ?”

ಇದನ್ನು ಕೇಳಿ ಮಹೇಶ್ವರಿ ಎಷ್ಟು ನಕ್ಕಳೆಂದರೆ, ಅವಳ ಹಿಂದೆ ಇನ್ನೂ ಯಾರೋ ಇಬ್ಬರು ನಕ್ಕದ್ದು ಫೋನಿನಲ್ಲಿ ಕೇಳಿತು. ಮರುದಿನದಿಂದ ಅವಳು ಸ್ಪೀಕರು ಹಚ್ಚತೊಡಗಿದಳು. ಪಕ್ಕದ ಮಂಚದ ಮುದುಕನೊಬ್ಬ ಸಂಜೆಯಾದರೆ “ಹುನಗುಂದದ ಅಜ್ಜಿ ಫೋನ್ ಬಂತೇನು?” ಎಂದು ಕೇಳುತ್ತಿದ್ದನಂತೆ. ಹನಮಂತಪ್ಪ ಮಾತ್ರ ಕೇಳುತ್ತಿರಲಿಲ್ಲ. ಜ್ವರ ಏರಿ ಅವನಿಗೆ ಪ್ರಜ್ಞೆ ಇರಲಿಲ್ಲ.

ಅಂಥ ದಿನಗಳ ನಡುವೆ ಒಂದು ಶುಕ್ರವಾರ ಬೆಳಿಗ್ಗೆ ಇಲಕಲ್ಲಿನಿಂದ ಫೋನು ಬಂತು. ಕಲ್ಲಪ್ಪನಿಗೂ ಅದೇ ರೋಗ. ನಿನ್ನೆ ದವಾಖಾನೆಗೆ ಒಯ್ದಿದ್ದರು, ಇಂದು ಇಲ್ಲ. ಅವನ ಹೆಂಡತಿ ಸಕ್ರವ್ವನ ದನಿ ಕೇಳಬೇಕೆಂದು ರಂಗವ್ವ ಎಷ್ಟು ಕೇಳಿಕೊಂಡರೂ, “ಅವ್ವ ಮಾತಾಡೂ ಸ್ಥಿತಿಯೊಳಗಿಲ್ಲ” ಎಂದು ಮಗಳು ಫೋನಿಟ್ಟಳು. ರಂಗವ್ವ ಅಂದು ದಿನವಿಡೀ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಸಂಜೆ ಮಹೇಶ್ವರಿ “ಹೇಳ್ರಿ ಅಜ್ಜಿ, ಇವತ್ತಿಂದು” ಎಂದಾಗ, ಅವಳು ಬೇಡವೆಂದುಕೊಂಡಿದ್ದೇ ಬಾಯಿಗೆ ಬಂತು. ಅಂದು ವಾರ್ಡಿನಲ್ಲಿ ಯಾರೂ ನಗಲಿಲ್ಲ.

ಹನಮಂತಪ್ಪ ಬದುಕಿ ಬಂದ. ತೊಡೆ ಕೋಲಾಗಿತ್ತು, ಗಡ್ಡ ಬೆಳೆದಿತ್ತು, ಕಣ್ಣುಗಳು ಮಾತ್ರ ಮೊದಲಿನ ಹಾಗೇ ಮಿಣುಕುತ್ತಿದ್ದವು. ಕಳಿಸುವಾಗ ಡಾಕ್ಟರು ಸೋಮಲಿಂಗನನ್ನು ಬದಿಗೆ ಕರೆದು ಹೇಳಿದ್ದರು: ಎದೆ ಇನ್ನೂ ಮೆತ್ತಗಿದೆ, ಕೆಲವು ವಾರ ಎದೆ ಒಡೆಯುವಂಥ ಸುದ್ದಿ ಯಾವುದೂ ಬೇಡ. ಮನೆಗೆ ಬಂದು ಗಾದಿಯ ಮೇಲೆ ಕೂತ ಹನಮಂತಪ್ಪನ ಮೊದಲ ಮಾತೇ, “ಕಲ್ಲ್ಯಾಗ ಫೋನ್ ಹಚ್ಚು.” ಸೋಮಲಿಂಗ ತಲೆ ಮೇಲೆತ್ತದೆ, “ಕಲ್ಲಪ್ಪ ಕಾಕಾ ಬಾದಾಮಿಗೆ ಮಗಳ ಮನಿಗೆ ಹೋಗ್ಯಾನಪಾ. ಅವನ ಫೋನು ನೀರಾಗ ಬಿದ್ದು ಕೆಟ್ಟೈತಂತ,” ಎಂದ. ರಂಗವ್ವ ಅಲ್ಲೇ ನಿಂತಿದ್ದಳು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಒಳಗೆ ಹೋಗಿ ಗಂಜಿ ತಂದಳು.

ಇಷ್ಟಕ್ಕೇ ನಿಂತಿದ್ದರೆ ದಿನಗಳು ಹೇಗೋ ಸಾಗುತ್ತಿದ್ದವು. ಆದರೆ ಮಹೇಶ್ವರಿ ಅವನನ್ನು ಕಳಿಸುವಾಗ ಎಲ್ಲವನ್ನೂ ಹೇಳಿಬಿಟ್ಟಿದ್ದಳು. “ಅಜ್ಜಾ, ನಿನ್ನ ಹೆಣ್ತಿ ಒಂದು ದಿನಾನೂ ತಪ್ಪಿಸಿಲ್ಲ ನೋಡು. ದಿನಾ ಒಂದು ಹೊಸಾ ಒಡಪು. ನೀ ಮಲಗಿದ್ದಿ, ನಾವು ಕೇಳಿದ್ವಿ.”

ಹನಮಂತಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಮರುದಿನವೇ ಶುರು ಮಾಡಿದ. “ಏ ರಂಗಿ, ಬಾ ಇಲ್ಲಿ. ಊರ ಮಂದಿಗೆಲ್ಲ ನನ್ನ ಹೆಸರು ಹಾಡಿ ಹೇಳ್ಯಾಳಂತ, ನನಗಽ ಇಲ್ಲೇನು?”

“ಎದುರಿಗೆ ಕುಂತವರಿಗೆ ಯಾರರೆ ಒಡಪು ಹೇಳ್ತಾರೇನ್ರಿ? ಕೇಳಿದವರು ನಗ್ತಾರ.”

“ನಾ ಎಲ್ಲೆ ಕುಂತೇನಿ? ಮಲಗೇನಿ. ತಿಳಿ, ಇದೂ ದವಾಖಾನಿನಽ.” ಆಮೇಲೆ ದನಿ ತಗ್ಗಿಸಿ ಹೇಳಿದ, “ಖರೆ ಹೇಳ್ತೇನಿ ಕೇಳು. ಅಲ್ಲಿ ಮಲಗಿದ್ದು ನನಗ ನೆಪ್ಪಿಲ್ಲ. ಅಷ್ಟು ದಿನ ನಾ ಎಲ್ಲಿದ್ದೆ ಅನ್ನೂದು ನನಗಽ ಗೊತ್ತಿಲ್ಲ. ಗಾಡ್ಯಾಗ ಕುಂತಾಂವ ನಿದ್ದಿ ಮಾಡಿ ಅಮೀನಗಡ, ಕಮತಗಿ ಎಲ್ಲಾ ಹಾದು ಬಾಗಲಕೋಟ್ಯಾಗ ಕಣ್ಣು ತೆರೆದಂಗ ಆಗೇತಿ. ನಡುವಿನ ಊರು ನನಗ ಬೇಕು, ರಂಗಿ. ಅವು ನಿನ್ನ ಒಡಪಿನ್ಯಾಗಽ ಅದಾವು.”

ಹೀಗೆ ಕೇಳಿದರೆ ಯಾವ ಹೆಂಗಸು ಇಲ್ಲವೆಂದಾಳು? ಸಂಜೆ ದೀಪ ಹಚ್ಚಿದ ಮೇಲೆ ರಂಗವ್ವ ಗಾದಿಯ ಕೆಳಗೆ ಚಾಪೆ ಹಾಕಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತು, ದಿನಕ್ಕೊಂದು ಒಡಪು ಹೇಳತೊಡಗಿದಳು. ಅವನು ಪ್ರತಿಯೊಂದನ್ನೂ ಹಿಂದೆ ಮುಂದೆ ಕೆದಕಿ ಕೇಳುತ್ತಿದ್ದ. ಹುಲ್ಲು ಬೆಳೆದದ್ದು ಯಾವ ಪ್ಲಾಟ್‌ಫಾರ್ಮಿನ ಹತ್ತಿರ? ಆ ದಿನ ಏನು ಉಂಡಿರಿ? ಓಣಿಯಲ್ಲಿ ಯಾರು ಉಳಿದರು, ಯಾರು ಹೋದರು? ಬರಬರುತ್ತ ದಿನಗಳು ಅವನಿಗೆ ಕೈಗೆ ಸಿಗತೊಡಗಿದವು. ಗುರುವಾರದ್ದು ಹೀಗಿತ್ತು:

“ಗ್ವಾಡಿ ಮ್ಯಾಲಿಂದ ನೆರಿಮನಿಯಾಕಿ ಕೊಟ್ಟಾಳ ಚರಿಗಿ ಮಜ್ಜಿಗಿ,
ಹನಮಂತಪ್ಪನವರು ಗಳಿಸಿದ ಮಂದಿ ಅದಾರ ಹೆಜ್ಜಿ ಹೆಜ್ಜಿಗಿ.”

“ಯಾರು, ಆ ಕಡೀ ಮನಿ ಮಾಳಪ್ಪನ ಹೆಣ್ತಿಯೇನು?” ಹನಮಂತಪ್ಪ ಬೆರಗಾದ. “ಅಕಿ ಕೂಡ ನೀ ನೀರಿನ ನಳದ ಸಲುವಾಗಿ ಮಾತು ಬಿಟ್ಟಿದ್ದೆಲ್ಲ!”

“ಬಿಟ್ಟಿದ್ದೆ. ಅಕಿನಽ ಮೊದಲು ಕೈ ಚಾಚಿದಳು. ಮಾತಾಡಲಿಲ್ಲ, ಚರಿಗಿ ಗ್ವಾಡಿ ಮ್ಯಾಲ ಇಟ್ಟು ಕೆಮ್ಮಿದಳು. ನಾನೂ ಖಾಲಿ ಚರಿಗಿ ಇಟ್ಟು ಕೆಮ್ಮಿದೆ. ಈಗ ಮಾತಾಡ್ತೇವಿ.”

ಹನಮಂತಪ್ಪ ನಕ್ಕು ನಕ್ಕು ಕೆಮ್ಮತೊಡಗಿದ. ದಾನಮ್ಮ ಓಡಿಬಂದು ಅವನ ಬೆರಳಿಗೆ ಆಕ್ಸಿಜನ್ ನೋಡುವ ಸಣ್ಣ ಮಷಿನ್ ಸಿಕ್ಕಿಸಿದಳು. “ಮಾವಾರ, ನಗಬ್ಯಾಡ್ರಿ ಅಂದ್ರ ಕೇಳಾಂಗಿಲ್ಲ. ಅತ್ತಿ, ನೀವು ಜರಾ ದುಃಖದ್ದು ಹೇಳ್ರಿ!”

ಮರುದಿನ ಸಂಜೆ ರಂಗವ್ವ ಹೇಳಿದ್ದು ಶನಿವಾರದ್ದು. ಹನಮಪ್ಪನ ಗುಡಿಗೆ ಬೀಗ ಹಾಕಿದ್ದರಿಂದ ಬಾಗಿಲ ಹೊರಗೇ ಎಣ್ಣೆ ಇಟ್ಟು ಬಂದ ಒಡಪು. ಹನಮಂತಪ್ಪ ಕೇಳಿದ, ತಲೆದೂಗಿದ. ಆಮೇಲೆ ಬೆರಳು ಮಡಿಚಿದ.

“ನಿನ್ನೆ ಹೇಳಿದ್ದು ಗುರುವಾರದ್ದು. ಇವತ್ತು ಶನಿವಾರದ್ದು. ಶುಕ್ರವಾರದ ಸ್ಟಾಪ್ ಎಲ್ಲಿ ಹ್ವಾತು?”

“ಅವತ್ತು... ಅವತ್ತು ಹೇಳಲಿಲ್ಲ.”

“ಒಂದು ದಿನಾನೂ ತಪ್ಪಿಸಿಲ್ಲ ಅಂದಾಳ ಮಹೇಶ್ವರಿ.”

“ಮರತಿರಬೇಕು.”

“ನೀನು? ನಮ್ಮ ಲಗ್ನದಾಗ ನಿಮ್ಮ ಸ್ವಾದರತ್ತಿ ಹೇಳಿದ ಒಡಪು ಇವತ್ತಿಗೂ ಹೇಳಾಕಿ, ಹ್ವಾದ ತಿಂಗಳಿಂದು ಮರತಿಯೇನು?” ಅವನು ನಗುತ್ತಲೇ ಹೇಳಿದ. ಆದರೆ ಕಣ್ಣು ಅವಳ ಬೆನ್ನ ಮೇಲೆ ನೆಟ್ಟಿತ್ತು. “ಇರಲಿ. ನಾಳೆ ನೆಪ್ಪು ಮಾಡ್ಕೊಂಡು ಹೇಳು. ಅಲ್ಲೀತನಕ ಗಾಡಿ ಮುಂದ ಹೋಗಾಂಗಿಲ್ಲ.”

ಅಡುಗೆಮನೆಯಲ್ಲಿ ಅತ್ತೆ ಸೊಸೆ ಪಿಸುಮಾತಿಗೆ ಕೂತರು. ದಾನಮ್ಮನಿಗೆ ಇದೊಂದು ದೊಡ್ಡ ಸಂಗತಿಯೇ ಅಲ್ಲ. “ಹೊಸಾದೊಂದು ಕಟ್ಟಿ ಹೇಳಿಬಿಡ್ರಿ ಅತ್ತಿ. ಶುಕ್ರವಾರ, ಲಕ್ಷ್ಮಿ, ದೀಪ ಏನರೆ ಸೇರಸ್ರಿ. ಮಾವಾರಿಗೆ ಏನು ತಿಳೀತೈತಿ?”

“ಅವತ್ತಿನ ದಿನ ಅಲ್ಲದ್ದು ಅವತ್ತಿಂದು ಅಂದ್ರ ಸುಳ್ಳಾತಲ್ಲ ದಾನವ್ವಾ. ಅದರಾಗ ಅವರ ಹೆಸರು ಬರಬೇಕು.”

“ಮಗಾ ದಿನಾ ಹೇಳಾಕತ್ತಾನಲ್ಲ ಸುಳ್ಳು, ಬಾದಾಮಿ, ಫೋನು ನೀರಾಗ ಅಂತ?”

“ಅದು ಬರೇ ಮಾತಿನ ಸುಳ್ಳು. ಇದು ಒಡಪು.”

ದಾನಮ್ಮ ನಗಲಿಲ್ಲ. ಅತ್ತೆ ನಾದಿದ ಹಿಟ್ಟನ್ನೇ ಮತ್ತೆ ಮತ್ತೆ ನಾದುತ್ತಿರುವುದನ್ನು ಅವಳು ನೋಡಿದ್ದಳು. ಖರೆ ಹೇಳಿದರೆ ಅವನ ಎದೆ ತಡೆದೀತೋ ಇಲ್ಲವೋ. ಸುಳ್ಳು ಹೇಳಿದರೆ ಆಯುಷ್ಯ ಸವೆಯುತ್ತದೆಂಬ ಅಜ್ಜಿಯ ಮಾತು. ರಂಗವ್ವನಿಗೆ ಎರಡೂ ಕಡೆ ಕಾಣುತ್ತಿದ್ದದ್ದು ಒಂದೇ, ಗಂಡನ ಉಸಿರು. “ಆತು, ನಾ ಕಟ್ಟಿಕೊಡ್ತೇನಿ,” ಎಂದಳು ದಾನಮ್ಮ. “ನೀವು ಬರೇ ಬಾಯಿ ಆಡಿಸ್ರಿ. ಪಾಪ ಬಂದ್ರ ನನಗ ಬರ್ಲಿ.” ಒಡಪು ಕಟ್ಟಿ ರೂಢಿಯಿಲ್ಲದ ಹುಡುಗಿ, ರೊಟ್ಟಿ ಬಡಿಯುತ್ತಲೇ ಎರಡು ಸಾಲು ಜೋಡಿಸಿ ಅತ್ತೆಯ ಕಿವಿಯಲ್ಲಿ ಊದಿದಳು.

ಮರುದಿನ ಸಂಜೆ ರಂಗವ್ವ ಚಾಪೆಯ ಮೇಲೆ ಕೂತಳು. ದಾನಮ್ಮ ಅಡುಗೆಮನೆಯ ಬಾಗಿಲ ಮರೆಗೆ ನಿಂತಳು. ಹನಮಂತಪ್ಪ ದಿಂಬಿಗೆ ಒರಗಿ ಕಾಯುತ್ತಿದ್ದ.

“ಶುಕ್ರವಾರ ಸಂಜೀಮುಂದ ಲಕ್ಷ್ಮಿಗೆ ಹಚ್ಚಿದೆ ದೀಪ...”

ರಂಗವ್ವ ನಿಂತಳು. ಎರಡನೆಯ ಸಾಲಿನ ಮೊದಲಿಗೇ ಬರಬೇಕಾದ್ದು ಹೆಸರು. ಮತ್ತೆ “ಲಕ್ಷ್ಮಿಗೆ ಹಚ್ಚಿದೆ ದೀಪ” ಎಂದಳು. ಮತ್ತೆ ಅಲ್ಲೇ ನಿಂತಳು.

ಬಾಗಿಲ ಮರೆಯಿಂದ ಪಿಸುದನಿ ಬಂತು: “ಹನಮಂತಪ್ಪನವರಿಗೆ ಭಾಳ ಇಷ್ಟ... ಟೊಮ್ಯಾಟೋ ಸೂಪ...”

ಹನಮಂತಪ್ಪ ಬಾಗಿಲ ಕಡೆ ನೋಡಿದ, ಹೆಂಡತಿಯ ಬೆನ್ನನ್ನು ನೋಡಿದ. “ನಾ ಹುಟ್ಟಿದಾಗಿಂದ ಸೂಪು ಕುಡದಿಲ್ಲವಾ ದಾನಮ್ಮಾ,” ಎಂದ. ಅವನ ಹೊಟ್ಟೆ ಒಮ್ಮೆ ನಗುವಿನಿಂದ ಕುಲುಕಿತು. ಆಮೇಲೆ ನಗು ತಾನೇ ಇಳಿಯಿತು. ದಾನಮ್ಮ ನಾಲಿಗೆ ಕಚ್ಚಿಕೊಂಡು ಒಳಗೆ ಸರಿದಳು.

ಹನಮಂತಪ್ಪ ದಿಂಬಿನಿಂದ ಮುಂದೆ ಬಾಗಿ ಮೆಲ್ಲಗೆ ಹೇಳಿದ, “ರಂಗಿ, ಈ ಕಡೆ ತಿರುಗು. ಅವತ್ತು ಏನೋ ಆಗೇತಿ. ಅದು ನಿನ್ನ ಹೊಟ್ಟ್ಯಾಗ ಕುಂತು ನಿನ್ನ ಸುಡಾಕತ್ತೈತಿ. ನನಗೇನೂ ಆಗಾಂಗಿಲ್ಲ. ಇಷ್ಟು ಮಂದಿ ಸೇರಿ ನನ್ನ ಉಳಿಸ್ಯಾರ, ಒಂದು ಮಾತಿಗೆ ಸಾಯಾಂವಲ್ಲ ನಾನು. ಹೇಳು.”

ರಂಗವ್ವ ತಿರುಗಿದಳು. ಇಷ್ಟು ದಿನ ಗೋಡೆಗೆ ಒಡಪು ಹೇಳುತ್ತಿದ್ದವಳು ಈಗ ಅವನ ಮುಖವನ್ನೇ ನೋಡುತ್ತ, ಶುಕ್ರವಾರ ಸಂಜೆ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದಳು:

“ಇಲಕಲ್ಲ ಸ್ಟಾಪಿನ್ಯಾಗ ಕಲ್ಲಪ್ಪ ಇಳದ, ಎರಡನೇ ಸೀಟಿ ಇಲ್ಲ,
ಹನಮಂತಪ್ಪನವರು ಎಚ್ಚರಾದ್ರ ಹ್ಯಾಂಗ ಹೇಳಲಿ, ನನ್ನ ನಾಲಿಗಿಗೆ ಬಲ ಇಲ್ಲ.”

ಹನಮಂತಪ್ಪ ಕಣ್ಣು ಮುಚ್ಚಿದ. ದಾನಮ್ಮ ಮಷಿನ್ ಹಿಡಿದು ಓಡಿಬಂದಳು. ಅವನು ಬೆರಳನ್ನು ಕೊಟ್ಟ, ಕಣ್ಣು ತೆರೆಯಲಿಲ್ಲ. ಕೆಂಪು ಅಂಕಿ ಕೆಳಗಿಳಿಯಿತು, ನಿಂತಿತು, ಮತ್ತೆ ಮೆಲ್ಲಗೆ ಏರಿತು. ಅತ್ತೆ ಸೊಸೆ ಇಬ್ಬರೂ ಅದನ್ನೇ ನೋಡುತ್ತಿದ್ದರು.

“ಇನ್ನೊಮ್ಮೆ ಹೇಳು,” ಎಂದ.

ಅವಳು ಹೇಳಿದಳು. ಈ ಸಲ ಅವನ ತುಟಿಯೂ ಅವಳ ಜೊತೆ ಅಲುಗಿತು. ಕಣ್ಣಿನ ಎರಡೂ ಮೂಲೆಯಿಂದ ನೀರು ಇಳಿದು ಗಡ್ಡದೊಳಗೆ ಹೋಯಿತು. “ಒಂದು ಸೀಟಿ ಊದಿ ಸುಮ್ಮಾಗ್ಯಾನ ಮಗಾ,” ಎಂದ. “ನಾ ಕಾಯ್ಕೋತ ಕುಂತೇನಿ.”

ಆಮೇಲೆ ಅವನು ಒಂದೊಂದಾಗಿ ಕೇಳಿದ. ಎಲ್ಲಿ ಮಣ್ಣು ಕೊಟ್ಟರು? ಮಕ್ಕಳು ಮುಖ ನೋಡಿದರೋ? ರಂಗವ್ವ ತಿಳಿದಷ್ಟು ಹೇಳಿದಳು. ಯಾರೂ ಹತ್ತಿರ ಹೋಗುವ ಹಾಗಿರಲಿಲ್ಲ. ಕೊನೆಗೆ ಕೇಳಿದ, “ಸಕ್ರವ್ವಗ ಬುತ್ತಿ ಯಾರು ಒಯ್ದರು?”

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನಂಟರು, ನೆರೆಹೊರೆಯವರು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ, ದುಃಖದಲ್ಲಿದ್ದವರಿಗೆ ಕೂತು ಉಣಿಸಿ ಬರಬೇಕು. ಗೆಳೆಯನ ಮನೆಯ ಬುತ್ತಿಯೆಂದರೆ ಅದರಲ್ಲೂ ಮೊದಲಿನದು. ರಂಗವ್ವ ತಲೆ ತಗ್ಗಿಸಿದಳು. “ಯಾರೂ ಒಯ್ದಿಲ್ಲರಿ. ಓಣಿಗೆ ಅಡ್ಡ ಬಡಿಗಿ ಕಟ್ಟಿದ್ರಂತ. ಬಸ್ ಇಲ್ಲ, ನನಗೂ ಜ್ವರ. ಅವರಽ ಒಲಿ ಹಚ್ಚಿ ಅವರಽ ಮಾಡ್ಕೊಂಡು ಉಂಡಾರಂತ.”

ಹನಮಂತಪ್ಪ ಆ ರಾತ್ರಿ ಉಣ್ಣಲಿಲ್ಲ. ಯಾರೂ ಒತ್ತಾಯ ಮಾಡಲೂ ಇಲ್ಲ. ಬೆಳಿಗ್ಗೆ ಸೋಮಲಿಂಗ ಬಂದು ಗಾದಿಯ ಬಳಿ ನಿಂತು, “ಅಪಾ, ನಾ ಸುಳ್ಳು...” ಎನ್ನುತ್ತಿದ್ದಂತೆ, “ನೀ ಮಾಡಿದ್ದು ನನ್ನ ಸಲುವಾಗಿ. ಅದನ್ನ ಬಿಡು. ಬಸ್ ಯಾವಾಗಿಂದ ಬಿಡ್ತಾರ, ಅದನ್ನ ಕೇಳ್ಕೊಂಡು ಬಾ,” ಎಂದ.

ಬಸ್ಸುಗಳು ಮತ್ತೆ ಓಡತೊಡಗಿದ ವಾರದಲ್ಲೇ ಒಂದು ಬೆಳಿಗ್ಗೆ ಗಂಡ ಹೆಂಡತಿ ಹೊರಟರು. ಕಾರು ಮಾಡಿಸುತ್ತೇನೆಂದು ಮಗ ಎಷ್ಟು ಹೇಳಿದರೂ ಹನಮಂತಪ್ಪ ಒಪ್ಪಲಿಲ್ಲ. ದಾನಮ್ಮ ಕತ್ತಲಿರುವಾಗಲೇ ಎದ್ದು ಬಿಳಿಜೋಳದ ರೊಟ್ಟಿ ಬಡಿದಿದ್ದಳು. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಎಲ್ಲವನ್ನೂ ಬಿಳಿಯ ಪಂಚೆಯಲ್ಲಿ ಕಟ್ಟಿ ಮಾವನ ಕೈಗೆ ಕೊಟ್ಟಳು. “ಸೂಪ್ ಹಾಕಿಲ್ರಿ ಮಾವಾರ,” ಎಂದು ಮೆಲ್ಲಗೆ ಅಂದಳು. ಅವನು ಅವಳ ತಲೆಯ ಮೇಲೆ ಕೈ ಇಟ್ಟ.

ಬಸ್ಸಿನಲ್ಲಿ ಮಂದಿ ಕಡಿಮೆ. ಡ್ರೈವರ್ ಜುಬೇರ, ಹನಮಂತಪ್ಪನ ಕೈಕೆಳಗೆ ಕಲಿತ ಹುಡುಗ, ಈಗ ಅವನಿಗೂ ಕಿವಿಯ ಬಳಿ ಕೂದಲು ನರೆತಿವೆ. ಕನ್ನಡಿಯಲ್ಲಿ ಗುರುತು ಹಿಡಿದು ಎದ್ದು ಬಂದು, “ಗುರುಗಳ, ಮುಂದ ಬರ್ರಿ,” ಎಂದು ತನ್ನ ಹಿಂದಿನ ಸೀಟು ತೋರಿಸಿದ. ಹನಮಂತಪ್ಪ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಂಡಕ್ಟರ್ ಹೊಸಬ, ಸೀಟಿಯನ್ನು ಜೋರಾಗಿ ಊದುತ್ತಿದ್ದ. ಪ್ರತಿ ಸಲವೂ ಹನಮಂತಪ್ಪನ ಬಲಗಾಲು ತಾನೇ ಮುಂದೆ ಒತ್ತುವುದನ್ನು ರಂಗವ್ವ ನೋಡಿದಳು; ನೋಡಿಯೂ ನೋಡದವಳಂತೆ ಕಿಟಕಿಯ ಹೊರಗೆ ಕಣ್ಣು ಹಾಯಿಸಿದಳು. ಹೊಲಗಳಲ್ಲಿ ಹೆಸರು ಮೊಳೆತಿತ್ತು.

ದಾರಿಯುದ್ದಕ್ಕೂ ಅವನು ತುಟಿಯೊಳಗೇ ಏನೋ ಹೇಳಿಕೊಳ್ಳುತ್ತಿದ್ದ. “ಏನ್ರಿ ಅದು?” ಎಂದರೆ, “ಸಕ್ರವ್ವಗ ಏನು ಹೇ‌ಳೂದು ಅಂತ ಹೊಂದಸಾಕತ್ತೇನಿ. ನಿನ್ನಂಗ ನನಗ ಬರೂದಿಲ್ಲ,” ಎಂದ.

ಇಲಕಲ್ಲಿನಲ್ಲಿ ಜುಬೇರ ಬಸ್‌ಸ್ಟ್ಯಾಂಡಿನವರೆಗೆ ಹೋಗದೆ, ಕಲ್ಲಪ್ಪನ ಓಣಿಯ ತಿರುವಿನಲ್ಲೇ, ಸ್ಟಾಪಿಲ್ಲದ ಕಡೆ, ಗಾಡಿ ನಿಲ್ಲಿಸಿದ. ಹಿಂದಿನವರು ಯಾರೋ ಗೊಣಗಿದರು. “ಹಿರೇರು ಇಳೀತಾರ, ತಡಕೋರಿ,” ಎಂದು ಅವನು ಇಂಜಿನ್ ಬಂದ್ ಮಾಡಿ ಕೂತ. ಇಬ್ಬರೂ ಇಳಿದು ಓಣಿಯ ನೆರಳು ಸೇರುವವರೆಗೂ ಗಾಡಿ ಹೊರಡಿಸಲಿಲ್ಲ.

ಓಣಿಯ ಮಗ್ಗಗಳು ಮತ್ತೆ ಸದ್ದು ಮಾಡುತ್ತಿದ್ದವು. ಹನಮಂತಪ್ಪ ಒಂದು ಕಟ್ಟೆಯ ಮೇಲೆ ಕೂತು ಉಸಿರು ತೆಗೆದುಕೊಂಡ, ಮತ್ತೆ ನಡೆದ. ರಂಗವ್ವ ಬುತ್ತಿಗೆ ಕೈ ಚಾಚಿದಾಗ ಕೊಡಲಿಲ್ಲ.

ಬಾಗಿಲು ತೆರೆದೇ ಇತ್ತು. ಸಕ್ರವ್ವ ಪಡಸಾಲೆಯಲ್ಲಿ ಕೂತು ಕಡಲೆ ಹಸನು ಮಾಡುತ್ತಿದ್ದಳು. ಮಗ, ಸೊಸೆ ಮಗ್ಗದ ಕೋಣೆಯಲ್ಲಿದ್ದರು. ಬಂದವರನ್ನು ನೋಡಿ ಅವಳು ಎದ್ದು ನಿಂತಳು, ಮೊರ ಕೈಯಲ್ಲೇ ಇತ್ತು. ಸೊರಗಿದ್ದಳು. ಹನಮಂತಪ್ಪನ ಹಿಂದೆ ಇನ್ನೂ ಒಬ್ಬರು ಬರುವವರಿದ್ದಾರೆ ಎಂಬಂತೆ ಅವಳ ಕಣ್ಣು ಅವನ ಹೆಗಲಾಚೆ ಒಮ್ಮೆ ಹೋಗಿ ತಿರುಗಿತು.

“ಬಾ ಅಣ್ಣಾ,” ಎಂದಳು. “ನೀ ಉಳದಿ. ಅಷ್ಟಽ ಸಾಕು.”

ದಾರಿಯುದ್ದಕ್ಕೂ ಹೊಂದಿಸಿಕೊಂಡದ್ದು ಒಂದೂ ಹನಮಂತಪ್ಪನ ಬಾಯಿಗೆ ಬರಲಿಲ್ಲ. ರಂಗವ್ವ ಮುಂದೆ ಹೋಗಿ ಸಕ್ರವ್ವನ ಕೈಯಿಂದ ಮೊರ ತೆಗೆದು ಕೆಳಗಿಟ್ಟಳು. ಹನಮಂತಪ್ಪ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬಂದು, ಬುತ್ತಿಯನ್ನು ಎರಡೂ ಕೈಯಲ್ಲಿ ಮುಂದೆ ನೀಡಿದ. ಸಕ್ರವ್ವ ಸೆರಗು ಒಡ್ಡಿ ಇಸಿದುಕೊಂಡಳು.